ಬ್ರೆಂಟಲ್ ವಂಶಕ್ಕೆ ದತ್ತಕ ಬಂದವನು

"ಈ ಚಂದ್ರ ಯಾರದು?"

ಬೆತ್ತ ಮೇಜಿಗೆ ಬಡಿದ ಸದ್ದಿಗೆ ಬಂಗಲೆಯ ಹಂಚಿನ ಮೇಲೆ ಕೂತಿದ್ದ ಮಂಗಗಳು ಕೂಡ ಸುಮ್ಮನಾದವು. ಬಾದಾಮಿಯ ಮಂಗಗಳನ್ನು ಸುಮ್ಮನಾಗಿಸುವುದು ಸಣ್ಣ ಮಾತಲ್ಲ.

ಹ್ಯೂ ಬ್ರೆಂಟಲ್ ಮತ್ತೆ ಬೆತ್ತ ಎತ್ತಿದ. ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಒಂದು ಸುರುಳಿಯನ್ನು ಬಿಚ್ಚಿ ಹಾಸಿದ್ದರು. ಅದರ ನಡುವೆ, ವಾಲ್ಟರ್ ಎಂಬ ಹೆಸರಿನ ಕೆಳಗೆ, ಕೆಂಪು ಮಸಿಯಲ್ಲಿ ಒಂದು ಅರ್ಧಚಂದ್ರ ಇತ್ತು. ಬೆತ್ತದ ತುದಿ ಅದರ ಮೇಲೆ ನಿಂತಿತು. ಕಣ್ಣು ಮಾತ್ರ ಎದುರಿಗಿದ್ದ ಹೆಂಗಸಿನ ಮೇಲಿತ್ತು.

ಆ ಹೆಂಗಸು ಶಹರಬಾನು. ಸತ್ತ ದೊಡ್ಡ ಸಾಹೇಬನ ಹೆಂಡತಿ. ಅಂದರೆ ಈ ಬೆತ್ತದ ಧಣಿಗೆ ಖಾಸಾ ದೊಡ್ಡಮ್ಮ ಆಗಬೇಕು. ಸಂಬಂಧದ ಸೊಗಸು ಹೀಗಿತ್ತು.

ರೈಲುದಾರಿಯ ಎಂಜಿನಿಯರಾಗಿ ಬಂದು, ಶಹರಬಾನುವನ್ನು ಮದುವೆಯಾಗಿ, ಬಾದಾಮಿಯಲ್ಲೇ ಮುದುಕನಾದ ಬ್ರೆಂಟಲ್ ಸಾಹೇಬ ಹೋದ ತಿಂಗಳು ಬಂಗಲೆಯ ಹಿಂದಿನ ಕಲ್ಲುಮೆಟ್ಟಿಲ ಬುಡದಲ್ಲಿ ಹೆಣವಾಗಿ ಸಿಕ್ಕಿದ್ದ. ಅವನ ಪೆಟ್ಟಿಗೆಯಲ್ಲಿದ್ದ ವಂಶಾವಳಿಯ ಸುರುಳಿಯನ್ನು ಯಾರೋ ಬದಲಿಸಿದ್ದರು. ಬದಲಿಸಿದವನೇ ಕೊಲೆಗಾರ ಎಂದು ಹ್ಯೂ ಕೊಟ್ಟ ದೂರಿನ ಮೇಲೆ ಫೌಜದಾರ ಶಹರಬಾನುವಿನ ತಮ್ಮ ಸುಭಾನಸಾಬನನ್ನು ಹಿಡಿದು ಬಾಗಲಕೋಟೆಯ ಚೌಕಿಯಲ್ಲಿ ಕೂಡಿಹಾಕಿದ್ದ.

ನಾಳೆ ಬೆಳಿಗ್ಗೆ ಸುಭಾನಸಾಬನನ್ನು ವಿಜಾಪುರದ ಜಿಲ್ಲಾ ಜೈಲಿಗೆ ಸಾಗಿಸುವವರಿದ್ದರು. ಕೊಲೆಯ ಆರೋಪ ಹೊತ್ತು ವಿಜಾಪುರಕ್ಕೆ ಹೋದವರು ತಿರುಗಿ ಬಂದು ಮನೆಯ ರೊಟ್ಟಿ ತಿಂದದ್ದು ಕಡಿಮೆ.

ಕುರ್ಚಿ ಕೊಡದ ಕಾರಣ ಗೋಡೆಯ ಹತ್ತಿರ ನಿಂತೇ ಇದ್ದವನು ರಾಚಯ್ಯ. ಒಂದು ಕಾಲಕ್ಕೆ ಬಾಗಲಕೋಟೆಯಲ್ಲಿ ಹವಾಲ್ದಾರ. ಪಂಚನಾಮೆಯಲ್ಲಿ ಒಬ್ಬ ಬಿಳಿ ಸಾಹೇಬನ ಹೆಸರು ಬರೆದು, ಅದನ್ನು ಹೊಡೆದುಹಾಕಲು ಒಪ್ಪದೆ ನೌಕರಿ ಕಳಕೊಂಡವನು. ಈಗ ವಕೀಲರಿಗಾಗಿ ಪತ್ತೆ ಕೆಲಸ ಮಾಡುತ್ತಾನೆ.

ಈ ಸಲ ಅವನನ್ನು ಕಳಿಸಿದವರು ಬಾಗಲಕೋಟೆಯ ಅಂದಪ್ಪ ವಕೀಲರು. ಪಾಟೀಲಕಿ ವತನದ, ಅಂದರೆ ವಂಶಪಾರಂಪರ್ಯವಾಗಿ ಬಂದ ಇನಾಮು ಜಮೀನಿನ, ದಾವೆಗಳಲ್ಲಿ ಜಿಲ್ಲೆಗೇ ಹೆಸರಾದವರು. ವಾರಸುದಾರರು ಯಾರೆಂದು ಇತ್ಯರ್ಥವಾಗುವತನಕ ಈ ಬಂಗಲೆಯನ್ನೂ ಮಲಪ್ರಭೆಯ ದಂಡೆಯ ಕಪ್ಪುಮಣ್ಣಿನ ಎರಿಹೊಲವನ್ನೂ ಅವರೇ ನೋಡಿಕೊಳ್ಳಬೇಕೆಂದು ದೊಡ್ಡ ಸಾಹೇಬ ಮೃತ್ಯುಪತ್ರದಲ್ಲಿ ಬರೆದಿಟ್ಟಿದ್ದ.

ಹ್ಯೂ ಮಾತಾಡಿದ್ದು ಇಂಗ್ಲಿಷಿನಲ್ಲಿ. ಓದುಗರಿಗಾಗಿ ಕನ್ನಡದಲ್ಲಿ ಕೊಡುತ್ತಿದ್ದೇನೆ, ಬೈಗುಳಗಳಲ್ಲಿ ಅರ್ಧವನ್ನು ಬಿಟ್ಟಿದ್ದೇನೆ. ರಾಚಯ್ಯ ಅನುವಾದಿಸುವಾಗ ಅಷ್ಟನ್ನೂ ಬಿಟ್ಟ.

"ಈ ಗುರುತು ಯಾರ್ದು ಅಂತ ಸಣ್ಣ ಸಾಹೇಬ್ರು ಕೇಳಾಕತ್ಯಾರ್ರಿ ಅಕ್ಕಾರ."

"ಅಷ್ಟಾ ಅಂದಾನು?" ಶಹರಬಾನು ರಾಚಯ್ಯನ ಕಡೆ ತಿರುಗಲಿಲ್ಲ. "ಬಾಯಿ ಇಷ್ಟಗಲ ತೆರದಿದ್ದ. ಬೈದದ್ದೂ ಹೇಳ್ರಿ."

"ಬೈದದ್ದು ಭಾಳ ಐತ್ರಿ. ಆಮ್ಯಾಲ ಹೇಳ್ತೇನಿ."

"ಹಂಗಾರ ನಂದೂ ಅವಂಗ ಹೇಳ್ರಿ. ಇದು ನನ್ನ ಮನಿ. ಇದು ನನ್ನ ಮೇಜು. ಇನ್ನೊಮ್ಮಿ ಇದರ ಮ್ಯಾಲ ಬೆತ್ತ ಬಡದ್ರ ಆ ಬೆತ್ತ ಮುರದು ಒಲಿಗೆ ಹಾಕ್ತೇನಿ."

ರಾಚಯ್ಯ ಇದನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದ. ಅನುವಾದದಲ್ಲಿ ಅವನಿಗೆ ಇಂಥ ಪಕ್ಷಪಾತ ಇತ್ತು.

ಹ್ಯೂನ ಮುಖ ಬಾದಾಮಿಯ ಕೆಂಪು ಗುಡ್ಡದ ಬಣ್ಣಕ್ಕೆ ಬಂತು. ಆದರೆ ಬೆತ್ತ ಕೆಳಗಿಳಿಯಿತು.

"ಅರ್ಧಚಂದ್ರ," ಅಂದ. "ನಿಮ್ಮ ಮಸೀದಿಯ ಮೇಲಿರುವಂಥದ್ದೇ. ನೂರಾರು ವರ್ಷದ ಕ್ರೈಸ್ತ ಮನೆತನದ ವಂಶಾವಳಿಯಲ್ಲಿ ಇದಕ್ಕೇನು ಕೆಲಸ? ನಿನ್ನ ತಮ್ಮ ನಿಜವಾದ ಸುರುಳಿ ಕದ್ದ. ಯಾರದೋ ಕೈಯಲ್ಲಿ ಇದನ್ನು ಬರೆಸಿ ಪೆಟ್ಟಿಗೆಯಲ್ಲಿಟ್ಟ. ಬರೆದವನು ಚಪಲ ತಡೆಯದೆ ತನ್ನ ಮತದ ಗುರುತು ಹಾಕಿದ. ದೊಡ್ಡಪ್ಪನಿಗೆ ಗೊತ್ತಾಯಿತು, ಕೇಳಿದ, ಮೆಟ್ಟಿಲ ಮೇಲಿಂದ ಕೆಳಗೆ ಬಿದ್ದ. ಸಂಜೆಯೊಳಗೆ ಈ ಚಂದ್ರ ಫೌಜದಾರನ ಕೈಯಲ್ಲಿರುತ್ತದೆ."

ಇದನ್ನು ಅನುವಾದಿಸುವ ಅಗತ್ಯ ಬೀಳಲಿಲ್ಲ. ಫೌಜದಾರ ಎಂಬ ಮಾತಿಗೆ ಯಾವ ಭಾಷೆಯಲ್ಲೂ ಒಂದೇ ಅರ್ಥ.

"ನನ್ನ ತಮ್ಮನ್ನ ಗಲ್ಲಿಗೆ ಹಾಕಸಾಕ ಒಂದು ಗುರುತು ಸಾಕಾತೇನು ಇವಂಗ?" ಶಹರಬಾನು ಮೇಜಿನ ಹತ್ತಿರ ಒಂದು ಹೆಜ್ಜೆ ಬಂದಳು. "ಇಷ್ಟ ಮಂದಿ ನನ್ನ ವೈರಿಗಳಿದ್ದೀರಿ ಅಂತ ಸಾಹೇಬ್ರು ಇದ್ದಾಗ ನನಗ ತಿಳಿದಿದ್ದಿಲ್ಲ."

"ನಾ ವೈರಿ ಅಲ್ರಿ."

"ನೀವ್ಯಾರೋ ನಂಗೊತ್ತಿಲ್ಲ ಅಯ್ಯನೋರ. ವಕೀಲ್ರು ಕಳಿಸ್ಯಾರ, ಬಂದೀರಿ. ಮಗಳನ್ನ ಕಳಸಂದ್ರಿ, ಕಳಿಸಿದೆ. ಇನ್ನ ಏನ ಕೊಡಬೇಕ್ರಿ ನಿಮ್ಮ ಕೈಯಾಗ?"

ಮಗಳು ಅಲೀಮಾಳ ಮಾತು ಬಂದದ್ದೇ ತಡ, ಹ್ಯೂ ತಲೆಯೆತ್ತಿದ. ಅವನಿಗೆ ಅರ್ಥವಾಗುವ ಕನ್ನಡದ ನಾಲ್ಕಾರು ಮಾತುಗಳಲ್ಲಿ 'ಮಗಳು' ಒಂದು.

"ಹುಡುಗಿಯನ್ನು ಎಲ್ಲಿ ಬಚ್ಚಿಟ್ಟಿದ್ದೀರಿ?"

"ನಿಮ್ಮ ಬೆತ್ತಕ್ಕೆ ಎಟುಕದ ಜಾಗದಲ್ಲಿ," ಅಂದ ರಾಚಯ್ಯ. ಹೇಳುವಾಗ ಸ್ವಲ್ಪ ಎದೆ ಉಬ್ಬಿಸಿದ ಎಂದೇ ಹೇಳಬೇಕು.

ನಿನ್ನೆ ಬೆಳಿಗ್ಗೆ ಅಲೀಮಾ ಅಂದಪ್ಪ ವಕೀಲರ ಕಮಾನಿನ ಗಾಡಿಯಲ್ಲಿ ಇಳಕಲ್ಲಿಗೆ ಹೊರಟಿದ್ದಳು. ಅಲ್ಲಿ ಅವಳ ಚಿಕ್ಕಮ್ಮ ದಸ್ತಗೀರಬಿಯ ಮನೆ ಇದೆ. ಜೊತೆಗೆ ವಕೀಲರ ಮನೆಯ ಕೆಲಸದ ಹೆಂಗಸು ಇದ್ದಳು.

ಶಹರಬಾನುವಿಗೆ ಇದು ಬೇಡವಾಗಿತ್ತು. ಚಿಕ್ಕಮ್ಮನ ಗಂಡ ಇಮಾಮಹುಸೇನ ಗುರುವಾರ ತಾನೇ ಬಂದು ಕರೆದೊಯ್ಯುತ್ತೇನೆಂದು ಮೊದಲೇ ಹೇಳಿಕಳಿಸಿದ್ದ. ಅವನು ಬರಲಿ ಎಂದು ಅವಳು ಹಟ ಹಿಡಿದಿದ್ದಳು.

"ಗುರುವಾರದ ತನಕ ಯಾಕ ಕಾಯೂದ್ರಿ?" ಎಂದಿದ್ದರು ವಕೀಲರು. "ನನ್ನ ಗಾಡಿ ಹೆಂಗೂ ಹುನಗುಂದ ಕೋರ್ಟಿಗೆ ಹೊಂಟೈತಿ. ಬರಬ್ಯಾಡ ಅಂತ ಇಮಾಮಹುಸೇನಗ ನಾನ ಹೇಳಿ ಕಳಸ್ತೇನಿ."

ರಾಚಯ್ಯ ಹೂಂ ಅಂದ. ಬಿಳಿ ಸಾಹೇಬನ ಬೆತ್ತದ ಹತ್ತಿರ ಹದಿನೆಂಟರ ಹುಡುಗಿಯನ್ನು ಬಿಡಲು ಅವನಿಗೆ ಧೈರ್ಯವಿರಲಿಲ್ಲ. ಅಳುತ್ತಿದ್ದ ಅಲೀಮಾಳಿಗೆ ಸಮಾಧಾನ ಹೇಳಿ ಗಾಡಿ ಹತ್ತಿಸಿದವನೂ ಅವನೇ.

ಯಾಕೆಂದರೆ ರಾಚಯ್ಯನ ಲೆಕ್ಕದಲ್ಲಿ ಕೊಲೆಗಾರ ಬೆತ್ತ ಹಿಡಿದು ಇಲ್ಲೇ ನಿಂತಿದ್ದ. ದೊಡ್ಡ ಸಾಹೇಬ ಸಾಯುವ ಮೊದಲೇ ಹ್ಯೂ ಇಂಗ್ಲೆಂಡಿನಿಂದ ಬಾದಾಮಿಗೆ ಬಂದಿದ್ದ. ಮನೆತನದ ಹಕ್ಕು ಯಾರಿಗೆ ಎಂದು ಓಣಿಗೆಲ್ಲ ಕೇಳುವ ಹಾಗೆ ಜಗಳವಾಡಿದ್ದ. ರಾಚಯ್ಯನಿಗೆ ಬೇಕಾಗಿದ್ದದ್ದು ಪುರಾವೆ ಒಂದೇ. ಅದು ಸುರುಳಿಯಲ್ಲೇ ಇರಬೇಕು ಎಂದು ಅವನ ನಂಬಿಕೆ. ಆದರೆ ಇಂದಿನತನಕ ಹ್ಯೂ ಅದನ್ನು ಯಾರ ಕಣ್ಣಿಗೂ ಬೀಳದ ಹಾಗೆ ಬೀಗ ಹಾಕಿಟ್ಟಿದ್ದ.

"ಹತ್ತಿರದಿಂದ ನೋಡಬಹುದೇ?" ರಾಚಯ್ಯ ಕೇಳಿದ.

"ಓದಲು ಬರುತ್ತದೆಯೇ?"

"ನೌಕರಿ ಕಳಕೊಳ್ಳುವಷ್ಟು ಬರುತ್ತದೆ."

"ನೋಡು. ಮುಟ್ಟಬೇಡ."

ರಾಚಯ್ಯ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದ.

ಸುರುಳಿ ಅಂದರೆ ಹಳೆಯ ಕಾಲದ ಚರ್ಮದ್ದಲ್ಲ. ಮೂಲ ಸುರುಳಿ ಇಂಗ್ಲೆಂಡಿನ ಅವರ ಹಳೆಯ ಮನೆಯೊಂದಿಗೆ ಎಂದೋ ಸುಟ್ಟು ಬೂದಿಯಾಗಿತ್ತು. ಅದಕ್ಕೂ ಮೊದಲೇ ದೊಡ್ಡ ಸಾಹೇಬ ತನ್ನ ಕೈಯಾರೆ ಒಂದು ನಕಲು ಮಾಡಿಕೊಂಡಿದ್ದ, ರೈಲ್ವೆಯವರು ನಕ್ಷೆ ತೆಗೆಯುವ ಮೇಣಬಟ್ಟೆಯ ಮೇಲೆ. ಈಗ ಎದುರಿಗಿದ್ದದ್ದೂ ಅದೇ ಜಾತಿಯ ಬಟ್ಟೆ, ಅದೇ ಬಗೆಯ ಅಕ್ಷರ. ಚೌಕದೊಳಗೆ ಹೆಸರು, ಚೌಕದಿಂದ ಚೌಕಕ್ಕೆ ಗೆರೆ.

ತಲೆಯಲ್ಲಿ ಗೀ ದ ಬ್ರೆಂಟಲ್, ಸಮುದ್ರ ದಾಟಿ ರಾಜನ ದಂಡಿನ ಜೊತೆ ಬಂದ ಮೂಲಪುರುಷ. ಅವನ ಮಗ ರಾಲ್ಫ್. ಅವನ ಮಗ ಹ್ಯಾಮೊ. ಆಮೇಲೆ ವಾಲ್ಟರ್, ಅವನ ಕೆಳಗೆ ಆ ಅರ್ಧಚಂದ್ರ. ಆಮೇಲೆ ಗಿಲ್ಬರ್ಟ್, ಮತ್ತೊಬ್ಬ ರಾಲ್ಫ್, ಕೆಳಗೆ ಕೆಳಗೆ ಇನ್ನೂ ಎಷ್ಟೋ ಗಂಡಸರು.

ರಾಚಯ್ಯ ಬುಡದತನಕ ಓದಿ ಮತ್ತೆ ಮೇಲಕ್ಕೆ ಬಂದ. ಅವನು ಹುಡುಕುತ್ತಿದ್ದ ಹೆಸರು ಸಿಗಲಿಲ್ಲ.

"ಇಸಬೆಲ್ ಎಲ್ಲಿ?"

ಹ್ಯೂ ಸೆಟೆದು ನಿಂತ. "ಆ ಹೆಸರು ನಿನಗೆ ಹೇಗೆ ಗೊತ್ತು?"

"ನಿಮ್ಮ ದೊಡ್ಡಪ್ಪನ ಮಗಳು ಹೇಳಿದಳು."

ಮೊನ್ನೆ ಇದೇ ಕೋಣೆಯಲ್ಲಿ ಅಲೀಮಾ ಅಪ್ಪ ಕಲಿಸಿದ ವಂಶಾವಳಿಯನ್ನು ಸಾಲೆಯ ಮಕ್ಕಳು ಮಗ್ಗಿ ಹೇಳುವ ಹಾಗೆ ಗೀಯಿಂದ ಹಿಡಿದು ತನ್ನ ಹೆಸರಿನತನಕ ಒಪ್ಪಿಸಿದ್ದಳು. ಎಲ್ಲೂ ತಡವರಿಸಲಿಲ್ಲ. ರಾಚಯ್ಯನ ನೆನಪಿನಲ್ಲಿ ನಿಂತದ್ದು ನಾಲ್ಕಾರು ಹೆಸರು ಮಾತ್ರ, ಆದರೆ ಅವುಗಳಲ್ಲಿ ಹೆಂಗಸರಿದ್ದರು.

"ಹ್ಯಾಮೊನ ಮಗಳು ಇಸಬೆಲ್, ಇಸಬೆಲಳ ಮಗ ವಾಲ್ಟರ್," ಅಂದ ರಾಚಯ್ಯ. "ಮುಂದೆ ಸೊಸೆಯಾಗಿ ಬಂದ ಅವಿಸ್ ಅಂತ ಒಬ್ಬಳು. ಇನ್ನೂ ಇದ್ದರು. ಈ ಸುರುಳಿಯಲ್ಲಿ ಒಬ್ಬಳೂ ಇಲ್ಲ. ಮಗಳಿಂದ ಮನೆತನ ನಡೆದದ್ದಕ್ಕೆ ಸಾಕ್ಷಿ ಉಳಿಯಬಾರದು ಅಂತ ಯಾರಿಗೆ ಬೇಕಾಗಿತ್ತು? ಅಲೀಮಾಳಿಗೆ ಏನೂ ಹೋಗಬಾರದು ಅನ್ನುವವರಿಗೆ. ಅವಳಿಗೆ ಹೋಗದಿದ್ದರೆ ಹತ್ತಿರದ ಗಂಡು ಯಾರು? ನೀವು. ಈ ಸುರುಳಿ ಬದಲಿಸಿದವರು ನೀವು, ಹ್ಯೂ ಸಾಹೇಬರೇ."

ತಿಂಗಳಿಂದ ಹ್ಯೂನ ಮುಖಕ್ಕೆ ಹೇಳದೆ ನುಂಗಿಕೊಂಡಿದ್ದ ಮಾತು. ಹೇಳಿದ ಮೇಲೆ ರಾಚಯ್ಯನಿಗೆ ಬಲು ಹಗುರವೆನಿಸಿತು.

ಹ್ಯೂ ನಕ್ಕ. ಸಿಟ್ಟಿನ ನಗೆಯಾಗಿದ್ದರೆ ರಾಚಯ್ಯ ಸಂತೋಷಪಡುತ್ತಿದ್ದ. ಅದು ದಡ್ಡನನ್ನು ಕಂಡು ನಗುವ ನಗೆಯಾಗಿತ್ತು.

"ಅಲ್ಲಿ ನೋಡು, ಜಾಣ."

ಬೆತ್ತ ಬಾಗಿಲ ಮೇಲಕ್ಕೆ ಹೋಯಿತು. ಅಲ್ಲಿ ದೊಡ್ಡ ಸಾಹೇಬ ತೂಗುಹಾಕಿಸಿದ್ದ ಮನೆತನದ ಲಾಂಛನ, ಕಟ್ಟಿಗೆಯ ಗುರಾಣಿ ಇತ್ತು. ಅದರ ಮೇಲೆ ನಾಲ್ಕು ಮನೆ, ಒಂದೊಂದು ಮನೆಯಲ್ಲಿ ಒಂದೊಂದು ಬಣ್ಣದ ಚಿತ್ರ.

"ಮೊದಲನೆಯ ಮನೆ ಮೂಲ ಬ್ರೆಂಟಲರದು. ಉಳಿದ ಮೂರು ಎಲ್ಲಿಂದ ಬಂದವು ಅಂದುಕೊಂಡೆ? ಯುದ್ಧದಲ್ಲಿ ಗೆದ್ದದ್ದಲ್ಲ. ಹೆಂಗಸರಿಂದ ಬಂದದ್ದು. ಹ್ಯಾಮೊನಿಗೆ ಗಂಡುಮಗ ಇರಲಿಲ್ಲ. ಭೂಮಿ, ಪದವಿ ಎಲ್ಲ ಇಸಬೆಲಳಿಗೆ ಹೋಯಿತು. ಅವಳ ಗಂಡ ತನ್ನ ಮನೆತನದ ಹೆಸರು ಬಿಟ್ಟು ಬ್ರೆಂಟಲ್ ಅಂತ ಇಟ್ಟುಕೊಂಡ. ಇದು ನಮ್ಮ ಮನೆಯ ಕೂಸುಗಳಿಗೂ ಗೊತ್ತು."

"ಹಾಗಾದರೆ..."

"ಹಾಗಾದರೆ ಇಸಬೆಲಳನ್ನು ಅಳಿಸಿದ ಮೇಲೆ ನಾನು ಯಾರು? ಈ ಸುರುಳಿ ಹಿಡಿದು ಲಂಡನ್ನಿಗೆ ಹೋದರೆ ಬಾಗಿಲ ಕಾಯುವವನೂ ನಗುತ್ತಾನೆ. ಅವಳನ್ನು ಇಟ್ಟರೆ ಮಗಳಿಗೆ ಹಕ್ಕುಂಟು ಅಂತಾಯಿತು, ಎಲ್ಲ ನಿಮ್ಮ ಹುಡುಗಿಗೆ ಹೋಗುತ್ತದೆ. ನಿಜವಾದ ಸುರುಳಿ ನನ್ನನ್ನು ಬರಿಗೈ ಮಾಡುತ್ತದೆ, ಇದು ನನ್ನನ್ನು ನಗೆಪಾಟಲು ಮಾಡುತ್ತದೆ. ನನ್ನನ್ನು ಕೊಲೆಗಾರ ಅನ್ನು ಬೇಕಾದರೆ. ಇಂಥ ದಡ್ಡ ಅನ್ನಬೇಡ."

"ಆದರೂ ಈ ಗಂಡಸರ ಹೆಸರುಗಳನ್ನು ನೀವೇ ಹೇಳಿ ಬರೆಸಿರಬಹುದಲ್ಲ?"

"ನಾನು ಶಾಲೆಯಲ್ಲಿ ಕ್ರಿಕೆಟ್ ಆಡಿದವನು. ಹೆಸರು ಬಾಯಿಪಾಠ ಮಾಡಿದವನಲ್ಲ."

ರಾಚಯ್ಯನ ಮೋರೆ ಜೋತುಬಿತ್ತು. ಒಂದು ತಿಂಗಳ ಪತ್ತೆ ಕೆಲಸ ನೀರಿನಲ್ಲಿ ಹೋಮವಾಗಿತ್ತು. ಅದನ್ನು ಮೊದಲು ಕಂಡವಳು ಶಹರಬಾನು.

"ಏನಂದಾ ಅಂವ? ನಿಮ್ಮ ಮಾರಿ ಯಾಕ ಇಳೀತು?"

"ಇಂವ ಅಲ್ರಿ ಅಕ್ಕಾರ. ಬದಲ ಮಾಡಿದಂವ ಇಂವ ಅಲ್ಲ."

"ನಿನ್ನಿತನಕ ಇವನ ಅಂತಿದ್ರಿ! ಊರ ಮುಂದ ಅಂದೀರಿ!" ಅವಳ ಕಣ್ಣು ಕಿಡಿಯಾಯಿತು. "ಇಂವ ಅಲ್ಲಂದ್ರ ಯಾರ್ರಿ? ನನ್ನ ತಮ್ಮನಾ? ನೀವೂ ಅದನ್ನ ಹೇಳಾಕ ಬಂದೀರಾ? ಹೇಳ್ರಿ, ಹೇಳಿ ಹೋಗಿಬಿಡ್ರಿ."

ರಾಚಯ್ಯ ಸುಮ್ಮನೆ ನಿಲ್ಲಲಾಗದೆ ಮತ್ತೆ ಸುರುಳಿಯ ಮೇಲೆ ಬಗ್ಗಿದ. ಆಗ ಕಂಡಿತು, ಮೊದಲೇ ಕಾಣಬೇಕಾಗಿದ್ದದ್ದು.

ಎಲ್ಲ ಗೆರೆಗಳೂ ಕಪ್ಪು, ನೆಟ್ಟಗೆ. ಹ್ಯಾಮೊನಿಂದ ವಾಲ್ಟರನಿಗೆ ಇಳಿದ ಗೆರೆ ಒಂದೇ ಕೆಂಪು. ಅದೂ ತುಂಡು ತುಂಡು.

ಇಂಥ ತುಂಡು ಗೆರೆಯನ್ನು ರಾಚಯ್ಯ ಈ ಮೊದಲು ನೋಡಿದ್ದ. ಬಾದಾಮಿಯ ಕಚೇರಿಯಲ್ಲಿ, ಬಾಗಲಕೋಟೆಯ ಕಚೇರಿಯಲ್ಲಿ, ವತನದ ಜಗಳ ಇದ್ದಲ್ಲೆಲ್ಲ.

"ಸಾಹೇಬರೇ, ನಿಮ್ಮ ದೇಶದಲ್ಲಿ ಗಂಡುಮಕ್ಕಳಿಲ್ಲದ ಶ್ರೀಮಂತ ಏನು ಮಾಡುತ್ತಾನೆ?"

"ಹೇಳಿದೆನಲ್ಲ. ಮಗಳಿಗೆ ಹೋಗುತ್ತದೆ. ಮಗಳೂ ಇಲ್ಲದಿದ್ದರೆ ತಮ್ಮನಿಗೆ. ಯಾರೂ ಇಲ್ಲದಿದ್ದರೆ ಮುಗಿಯಿತು."

"ಬೇರೆಯವರ ಹುಡುಗನನ್ನು ದತ್ತಕ ತೆಗೆದುಕೊಳ್ಳುವುದಿಲ್ಲವೇ?"

"ನಮ್ಮ ಕಾನೂನಿನಲ್ಲಿ ಅಂಥದ್ದಿಲ್ಲ," ಅಂದ ಹ್ಯೂ. "ನಾವು ನಾಯಿಮರಿ ತಂದು ಸಾಕುತ್ತೇವೆ. ಮನೆತನಕ್ಕೆ ಮಗನನ್ನು ತರುವುದಿಲ್ಲ."

"ನಾಯಿ ಅಂದ್ನಲ್ಲ ಈಗ!" ಎಂದಳು ಶಹರಬಾನು. ಸಾಹೇಬನ ಜೊತೆ ಬಾಳಿದವಳಿಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು. "ಯಾರಿಗೆ ಅಂದಾ?"

"ಯಾರಿಗೂ ಅಲ್ರಿ. ತಮ್ಮೊಳಗ ದತ್ತಕ ಇಲ್ಲ ಅಂತ ಹೇಳಿದ."

"ಅದ್ರಾಗೇನ ದೊಡ್ಡಸ್ತನ? ನಮ್ಮೊಳಗೂ ಇಲ್ಲ. ಸಾಕಿದ್ರ ಸಾಕಿದ ಮಗ. ವಾರಸದಾರ ಆಗೂದಿಲ್ಲ. ಶರಿಯತ್ತಿನಾಗ ಆ ಮಾತ ಇಲ್ಲ."

ರಾಚಯ್ಯ ನಿಧಾನವಾಗಿ ಬೆನ್ನು ನೆಟ್ಟಗೆ ಮಾಡಿದ.

"ಇನ್ನೊಮ್ಮಿ ಹೇಳ್ರಿ ಅಕ್ಕಾರ."

"ನಮ್ಮೊಳಗ ದತ್ತಕ ಇಲ್ಲ ಅಂದೆ. ಯಾಕ್ರಿ?"

"ಅಕ್ಕಾರ, ನಿಮ್ಮ ತಮ್ಮ ಉಳದಾ!"

ಇಷ್ಟು ಹೇಳಿ ರಾಚಯ್ಯ ಹ್ಯೂನ ಕಡೆ ತಿರುಗಿದ. ಮುಟ್ಟಬಾರದೆಂಬ ಅಪ್ಪಣೆಯನ್ನು ಮರೆತು ಆ ಕೆಂಪು ಗುರುತಿನ ಮೇಲೆ ಬೆರಳಿಟ್ಟ.

"ಇದು ಚಂದ್ರ ಅಲ್ಲ ಸಾಹೇಬರೇ. ಇದು ಉಡಿ. ತಾಯಿಯ ಮಡಿಲು. ನಮ್ಮ ಕಡೆ ದತ್ತಕ ಕೊಡುವಾಗ ಹುಡುಗನನ್ನು ತಂದು ಹೊಸ ತಾಯಿಯ ಉಡಿಯಲ್ಲಿ ಕೂಡಿಸುತ್ತಾರೆ. ಮೇಲೆ ಈ ತುಂಡು ಗೆರೆ ಇದೆಯಲ್ಲ, ಅದರ ಅರ್ಥ ಹುಟ್ಟಿ ಬಂದವನಲ್ಲ, ದತ್ತಕ ಬಂದವನು ಅಂತ. ಪಾಟೀಲರು ದೇಸಾಯರು ವತನದ ಸಲುವಾಗಿ ವಂಶಾವಳಿ ಬರೆಸುತ್ತಾರೆ. ಅದರಲ್ಲಿ ಹೆಣ್ಣುಮಕ್ಕಳನ್ನು ಬರೆಯುವ ರೂಢಿಯೇ ಇಲ್ಲ. ಮಗಳು ಅಂದರೆ ಕೊಟ್ಟ ಮನೆಗೆ ಹೋದವಳು."

ಹ್ಯೂ ಬೆತ್ತವನ್ನು ಕಂಕುಳಿಗೆ ಸೇರಿಸಿ ತಾನೂ ಗುರುತಿನ ಮೇಲೆ ಬಗ್ಗಿದ.

"ಅಲೀಮಾಳ ದಾರಿ ಕಟ್ಟಲು ಅವನು ಹೆಂಗಸರನ್ನೆಲ್ಲ ತೆಗೆದ," ರಾಚಯ್ಯ ಮುಂದುವರಿಸಿದ. "ತೆಗೆದ ಮೇಲೆ ಹ್ಯಾಮೊನಿಗೂ ವಾಲ್ಟರನಿಗೂ ನಡುವೆ ಬಯಲು ಬಿತ್ತು. ಅದನ್ನು ತುಂಬಲು ತನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದ. ವಾಲ್ಟರನನ್ನು ದತ್ತಕ ಮಾಡಿದ. ಇಂಗ್ಲೆಂಡಿನವನಿಗೆ ಇದು ಕನಸಿನಲ್ಲೂ ಹೊಳೆಯುವುದಿಲ್ಲ. ಮುಸಲ್ಮಾನನಿಗೂ ಹೊಳೆಯುವುದಿಲ್ಲ. ಅವರಲ್ಲೂ ದತ್ತಕ ಇಲ್ಲ. ಬೇಕಾದರೆ ತುಳಸಿಗೇರಿ ಹಣಮಪ್ಪನ ಗುಡಿಯ ಮುಂದೆ ನಿಂತು ಹೇಳುತ್ತೇನೆ, ಸುಭಾನಸಾಬ ಈ ಗೆರೆ ಎಳೆದವನೂ ಅಲ್ಲ, ಎಳೆಸಿದವನೂ ಅಲ್ಲ."

"ಹಾಗಾದರೆ ನಿಮ್ಮವನೇ ಯಾರೋ," ಅಂದ ಹ್ಯೂ. ಅವನ ದನಿಯಲ್ಲಿ ಹಗೆ ಕಡಿಮೆಯಾಗಿರಲಿಲ್ಲ, ಆದರೆ ಅದು ಬೇರೆ ಕಡೆ ಮುಖ ತಿರುಗಿಸಿತ್ತು. "ನನ್ನ ಪೂರ್ವಜನನ್ನು ನಿಮ್ಮ ಪಾಟೀಲ ಮಾಡಿಟ್ಟ."

"ಹೌದು. ನಮ್ಮವನೇ."

ಶಹರಬಾನು ಇದನ್ನೆಲ್ಲ ರಾಚಯ್ಯನ ಮುಖದಲ್ಲೇ ಓದುತ್ತಿದ್ದಳು. ಅವಳು ಇಷ್ಟು ಹೊತ್ತಿಗೆ ಮೊದಲ ಸಲ ಕುರ್ಚಿಯ ಮೇಲೆ ಕೂತಳು. ಕೂತದ್ದೇ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ.

"ಸುಭಾನ ಮನಿಗೆ ಬರ್ತಾನಲ್ರಿ ಅಯ್ಯನೋರ?"

"ಬರ್ತಾನ್ರಿ. ಸಂಜೀಕ ಫೌಜದಾರನ ಮುಂದ ನಾ ಹೋಗಿ ನಿಂದರ್ತೇನಿ. ಸಾಹೇಬ್ರನ್ನೂ ಕರ್ಕೊಂಡು ಹೋಗ್ತೇನಿ."

"ನಿಮಗ ಭಾಳ ಮಾತಾಡಿಬಿಟ್ಟೆ. ಮನಸಿನಾಗ ಇಟ್ಕೋಬ್ಯಾಡ್ರಿ."

ರಾಚಯ್ಯ ನಕ್ಕು ಕೈ ಮುಗಿದ. ಆ ನಗು ಅವನ ಮುಖದ ಮೇಲೆ ಇರುವಾಗಲೇ ಒಳಗೆ ಒಂದು ಪ್ರಶ್ನೆ ಎದ್ದಿತು.

ತುಂಡು ಗೆರೆಯನ್ನು ಎಲ್ಲ ಕಾರಕೂನರೂ ಎಳೆಯುತ್ತಾರೆ. ಕೆಳಗೆ 'ದತ್ತಕ' ಅಂತ ಅಕ್ಷರದಲ್ಲಿ ಬರೆಯುತ್ತಾರೆ. ಉಡಿಯ ಗುರುತನ್ನು ಯಾರೂ ಹಾಕುವುದಿಲ್ಲ. ಹಾಗಾದರೆ ಅದು ಉಡಿ ಎಂದು ತನಗೆ ಹೇಗೆ ಗೊತ್ತಾಯಿತು?

ಹೋದ ಮಳೆಗಾಲ. ಹುನಗುಂದದ ಕೋರ್ಟು. ಒಬ್ಬ ಪಾಟೀಲನ ವತನದ ದಾವೆ. ಎದುರು ವಕೀಲ ವಂಶಾವಳಿಯ ಕಾಗದ ಎತ್ತಿ ಹಿಡಿದು, "ಇದೇನ್ರಿ ಇದು, ತೊಟ್ಟಿಲೋ ಬುಟ್ಟಿಯೋ?" ಎಂದು ಕೇಳಿದ್ದ. ಕೋರ್ಟಿನವರೆಲ್ಲ ನಕ್ಕಿದ್ದರು.

"ತಾಯಿ ಉಡಿ ಐತ್ರಿ," ಎಂದಿದ್ದರು ಅದನ್ನು ಬರೆದವರು, ನಗುವವರ ಕಡೆ ನೋಡದೆ. "ನಂದೊಂದು ರೂಢಿ. ನಿಂತು ಮಾತಾಡುವಾಗ ದತ್ತಕ ಬಂದಂವ ಯಾರು ಅಂತ ಕಣ್ಣಿಗೆ ಲಗೂನ ಬೀಳ್ತೈತಿ."

ಅಂದು ಅವರ ಕಾಗದದ ಗಂಟು ಹಿಡಿದು ಹಿಂದಿನ ಬೆಂಚಿನ ಮೇಲೆ ಕೂತು ತಾನೂ ನಕ್ಕವನು ರಾಚಯ್ಯ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಕೈಗೆ ಬಿದ್ದ ರೂಢಿಯೂ ಹಾಗೇ. ಇಡೀ ಸುರುಳಿಯನ್ನು ಸಾಹೇಬನ ಅಕ್ಷರದಲ್ಲಿ ಬರೆದ ಕೈ, ದತ್ತಕದ ಜಾಗಕ್ಕೆ ಬಂದಾಗ ತಾನು ಯಾರ ಕೈ ಎಂದು ಹೇಳಿಬಿಟ್ಟಿತ್ತು.

"ಹೆಸರು ಹೇಳು," ಅಂದ ಹ್ಯೂ.

ರಾಚಯ್ಯ ಮತ್ತೊಮ್ಮೆ ಆ ಕೆಂಪು ಉಡಿಯನ್ನು ನೋಡಿದ.

ವಾರಸುದಾರರು ಇತ್ಯರ್ಥವಾಗುವತನಕ ಬಂಗಲೆ ಯಾರ ಕೈಯಲ್ಲಿದೆ? ಎರಿಹೊಲ ಯಾರ ಕೈಯಲ್ಲಿದೆ? ಈ ಸುರುಳಿಯಿಂದ ಅಲೀಮಾಳಿಗೂ ಹಕ್ಕಿಲ್ಲ, ಹ್ಯೂನಿಗೂ ಇಲ್ಲ; ಜಗಳ ಮುಗಿಯದಷ್ಟು ದಿನವೂ ಯಾರಿಗೆ ಹಬ್ಬ?

ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಮೊನ್ನೆ ಸಂಜೆ ಬಂಗಲೆಯ ಕಟ್ಟೆಯ ಮೇಲೆ ಕೂತು, "ಸುರುಳಿ ಹೋದ್ರ ಹೋಗ್ಲಿ ಬಿಡ್ರಿ, ಹುಡುಗಿ ಬಾಯಾಗ ಪೂರಾ ವಂಶ ಐತಿ. ಅಕಿನ ಕೋರ್ಟಿನಾಗ ನಿಂದ್ರಿಸಿದ್ರ ಮುಗೀತು" ಎಂದು ಬೀಗಿದವನು ತಾನೇ. ಕೇಳಿದವರು ಎಲೆಯಡಿಕೆ ಜಗಿಯುವುದನ್ನು ಒಂದು ಗಳಿಗೆ ನಿಲ್ಲಿಸಿದ್ದರು. "ಭಾಳ ಶಾಣೇ ಹುಡುಗಿ," ಎಂದಿದ್ದರು. ಗಾಡಿಯ ಮಾತು ಬಂದದ್ದು ಅದರ ಮೇಲೆಯೇ.

"ಯಾರ್ರಿ ಅಯ್ಯನೋರ?" ಶಹರಬಾನು ಎದ್ದು ನಿಂತಳು. "ಗೊತ್ತಾತಲ್ಲ ನಿಮಗ? ಯಾರು?"

"ಅಂದಪ್ಪ ವಕೀಲ್ರು."

ಅವಳು ಕಿರುಚಲಿಲ್ಲ. ಹತ್ತಿರ ಬಂದು ಅವನ ಅಂಗಿಯ ತೋಳನ್ನು ಹಿಡಿದಳು. ಸಣ್ಣ ದನಿಯಲ್ಲಿ ಕೇಳಿದಳು.

"ನನ್ನ ಮಗಳನ್ನ ಯಾರ ಗಾಡ್ಯಾಗ ಕುಂಡ್ರಿಸಿದ್ರಿ?"

ರಾಚಯ್ಯನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ತನ್ನ ಜಾಣತನವೆಲ್ಲ ಸೇರಿ ಒಬ್ಬ ಹುಡುಗಿಯನ್ನು ಕೊಲೆಗಾರನ ಮನೆಯ ಗಾಡಿಗೆ ಹತ್ತಿಸಿತ್ತು.

ಹ್ಯೂನಿಗೆ ಅಂದಪ್ಪ ಎಂಬ ಹೆಸರೂ ಗಾಡಿ ಎಂಬ ಮಾತೂ ಸಾಕಾದವು. ಅವನು ಗೋಡೆಯ ಮೇಲಿಂದ ಟೋಪಿ ತೆಗೆದುಕೊಂಡ.

"ಹಿತ್ತಲಲ್ಲಿ ನನ್ನ ಕುದುರೆ ಇದೆ. ಆ ಹುಡುಗಿ ಸತ್ತರೆ ಲಾಭ ನನಗೆ. ಅದಕ್ಕೇ ಅವಳು ಸಾಯಬಾರದು. ನಿಮ್ಮ ಫೌಜದಾರ ಆಮೇಲೆ ನನ್ನನ್ನೇ ಹುಡುಕುತ್ತಾನೆ."

"ತಡೀರಿ," ಅಂದ ರಾಚಯ್ಯ, ಇಬ್ಬರಿಗೂ ಸೇರಿ, ಕನ್ನಡದಲ್ಲಿ. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತ್ತು. "ತಡೀರಿ ಅಕ್ಕಾರ. ಇಮಾಮಹುಸೇನಗ ಬರಬ್ಯಾಡ ಅಂತ ಹೇಳಿ ಕಳಸ್ತೇನಿ ಅಂದಿದ್ರಲ್ಲ ವಕೀಲ್ರು? ಹುಡುಗೀನ ಇಳಕಲ್ಲಕ ಮುಟ್ಟಸೂ ಮನಸಿತ್ತಂದ್ರ ಖರೇನ ಹೇಳಿ ಕಳಿಸಿರ್ತಾರ. ಇವತ್ತ ಗುರುವಾರ. ಹೊತ್ತ ಇಳೀಲಿಕ್ಕೆ ಬಂತು. ಇನ್ನೂ ಅಂವ ಬಂದಿಲ್ಲ ನೋಡ್ರಿ. ಅಂದ್ರ ಸುದ್ದಿ ಮುಟ್ಟೈತಿ. ಅಲೀಮಾ ಹುನಗುಂದ ದಾಟಿರಬೇಕು ಈಗ."

ಶಹರಬಾನು ಅವನ ತೋಳನ್ನು ಬಿಡಲಿಲ್ಲ. ನಂಬಬೇಕೆಂದು ಅವಳಿಗೆ ಎಷ್ಟು ಆಸೆಯಿತ್ತೋ ಅದು ಅವಳ ಬೆರಳುಗಳಲ್ಲಿ ಗೊತ್ತಾಗುತ್ತಿತ್ತು.

ಹೊರಗೆ ಎತ್ತಿನ ಕೊರಳ ಗಂಟೆ ಕೇಳಿಸಿತು. ಬಂಗಲೆಯ ಗೇಟು ಕಿರ್ ಎಂದಿತು. ಮಂಗಗಳು ಹಂಚಿನ ಮೇಲೆ ಓಡಾಡಿದವು.

ಧೂಳಿನಲ್ಲಿ ಮಿಂದ ಒಬ್ಬ ಮನುಷ್ಯ ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಒಂದು ಗಂಟು. ಗಂಟಿನ ಬಾಯಿಂದ ಹೊಸ ಇಳಕಲ್ ಸೀರೆಯ ಕೆಂಪು ಸೆರಗು ಇಣುಕುತ್ತಿತ್ತು. ಒಳಗಿನವರ ಮುಖಗಳನ್ನು ನೋಡದೆ ಅವನು ರುಮಾಲು ಬಿಚ್ಚಿ ಹಣೆಯ ಬೆವರು ಒರೆಸಿಕೊಂಡ.

"ಸಲಾಮ್ ಆಪಾ. ತಡಾ ಆತು. ಎತ್ತಿನ ಕಾಲಿಗೆ ಕಲ್ಲು ಬಡೀತು, ದಾರಿಯಾಗ ನಿಂದ್ರಿಸಿದೆ," ಅಂದ ಇಮಾಮಹುಸೇನ. "ಇಳಕಲ್ಲ ಬಿಟ್ಟ ಮ್ಯಾಲ ಎದುರಿಗೆ ಒಂದು ಗಾಡಿ ಸುದ್ದಾ ಸಿಗಲಿಲ್ಲ, ಯಾರನ್ನ ಕೇಳೂದು? ಇದು ಅಕಿ ಚಿಕ್ಕಮ್ಮ ಕೊಟ್ಟಾಳ, ಉಟ್ಕೊಂಡ ಬಾ ಅಂತ ಹೇಳ್ಯಾಳ."

ಅವನು ಗಂಟನ್ನು ಶಹರಬಾನುವಿನ ಕಡೆ ಚಾಚಿದ.

"ಅಲೀಮಾ ಎಲ್ಲಿ? ಲಗೂ ತಯಾರಾಗು ಅನ್ರಿ."